ಸೀಮೆಸುಣ್ಣದ ಮೆಟ್ಟಿಲುಗಳು

ಶನಿವಾರ ಬೆಳಿಗ್ಗೆ ಸ್ಯಾನ್ ಡಿಯಾಗೋದಲ್ಲಿ ಗುರುಕಿರಣನ ಆಫೀಸಿನ ಪಾರ್ಕಿಂಗ್ ಜಾಗದಲ್ಲಿ ಒಂದು ಕಾರೂ ಇರಲಿಲ್ಲ. ಖಾಲಿ ಡಾಂಬರಿನ ಮೇಲೆ ಹಾಲಿಸ್ ಗ್ರೇಡಿ ಮಂಡಿಯೂರಿ ಕೂತು ನೀಲಿ ಸೀಮೆಸುಣ್ಣದಲ್ಲಿ ಮನೆ ಬರೆಯುತ್ತಿದ್ದರು. ಕಾಗದದ ಮೇಲೆ ಬರೆಯುವ ಪುಟ್ಟ ಮನೆಯಲ್ಲ, ಅಳತೆಗೆ ಅಳತೆ ನಿಜವಾದ ಮನೆಯಷ್ಟೇ ದೊಡ್ಡದು. ಇದು ಹಾಲ್, ಇದು ಅಡುಗೆಮನೆ, ಇಲ್ಲಿ ಬಾಗಿಲು. ಲಾಸ್ ಏಂಜಲೀಸಿನಿಂದ ಬಂದಿದ್ದ, ಅರವತ್ತು ದಾಟಿದ ಈ ಆರ್ಕಿಟೆಕ್ಟ್ ಯಾರಿಗೇ ಮನೆ ಕಟ್ಟಿಕೊಡುವುದಿದ್ದರೂ ಮೊದಲು ಹೀಗೆ ನೆಲದ ಮೇಲೆ ಬರೆದು, ಆ ಮನೆಯವರನ್ನು ಒಂದು ದಿನ ಅದರೊಳಗೆ ಬಾಳಿಸಿ ನೋಡುತ್ತಿದ್ದರು. ಅಡುಗೆ ಮಾಡಿ, ಊಟ ಮಾಡಿ, ಜಗಳವಾಡಿ, ಆಮೇಲೆ ಹೇಳಿ ಎನ್ನುತ್ತಿದ್ದರು.

ಗುರುಕಿರಣನ ಹೆಂಡತಿ ಸಿಂಧೂರ ದೋಸೆ ಹಿಟ್ಟು, ಹೆಂಚು, ಪುಟ್ಟ ಗ್ಯಾಸ್ ಒಲೆ ತಂದಿದ್ದಳು. ಅವಳ ಅತ್ತೆ ಮಲ್ಲವ್ವ ಆರು ತಿಂಗಳಿಗೆಂದು ಹುಬ್ಬಳ್ಳಿಯಿಂದ ಬಂದವರು, ಚಟ್ನಿ ಡಬ್ಬಿ ಹಿಡಿದು ನೀಲಿ ಗೆರೆಯನ್ನು ದಾಟಿ ನೇರವಾಗಿ ಅಡುಗೆಮನೆಗೆ ನಡೆದರು.

"ಅತ್ತೆ, ಅದು ಗೋಡೆ. ಬಾಗಿಲಿಂದ ಬನ್ನಿ," ಎಂದಳು ಸಿಂಧೂರ.

"ಎಲ್ಲೈತಿ ಗ್ವಾಡಿ? ನನಗೇನ್ ಕಣ್ಣು ಕಾಣಂಗಿಲ್ಲೇನು?"

"ಅವ್ವಾ, ನೀ ಈಗ ಗ್ವಾಡಿ ಒಳಗ ನಿಂತಿ," ಗುರುಕಿರಣ ನಕ್ಕ.

"ಹಂಗಾರ ಗ್ವಾಡ್ಯಾಗಿನ ದೆವ್ವ ಅನ್ನು." ಮಲ್ಲವ್ವ ಅಲ್ಲೇ ನಿಂತು ಸುತ್ತ ನೋಡಿದರು. "ಈ ಮನಷ್ಯಾಗ ಕೇಳು, ದೇವರ ಜಗಲಿ ಎಲ್ಲಿ ಬರದಾನ? ಒಲಿ ಮುಂದ ನಿಂತ್ರ ಬಚ್ಚಲ ಕಾಣ್ತೈತಲ್ಲೋ."

ಗುರುಕಿರಣ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಗ್ರೇಡಿ ಗಂಭೀರವಾಗಿ ತಲೆಯಾಡಿಸಿ, ಒದ್ದೆ ಬಟ್ಟೆಯಿಂದ ಬಚ್ಚಲನ್ನು ಒರೆಸಿ ಇನ್ನೊಂದು ಮೂಲೆಗೆ ಒಯ್ದರು. ಮಲ್ಲವ್ವನಿಗೆ ಆ ಕ್ಷಣದಿಂದ ಅವರ ಮೇಲೆ ಗೌರವ ಬಂತು. ಹೇಳಿದ ಕೂಡಲೇ ಬಚ್ಚಲು ಸರಿಸುವ ಮೇಸ್ತ್ರಿಯನ್ನು ಅವರು ಹುಬ್ಬಳ್ಳಿಯಲ್ಲಿ ಕಂಡಿರಲಿಲ್ಲ.

ಯೂನಿವರ್ಸಿಟಿ ಸಿಟಿ ಬಡಾವಣೆಯ ಕಣಿವೆಯ ಅಂಚಿನಲ್ಲಿ ಸಿಂಧೂರ, ಗುರುಕಿರಣ ಕೊಂಡಿದ್ದ ಹಳೇ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಈ ಮನೆ ಏಳಬೇಕಿತ್ತು. ಕಣಿವೆಯ ತಳದಲ್ಲಿ ರೈಲು ಹಾದಿಯಿದೆ. ಅಲ್ಲಿ ನಿಂತರೆ ರೈಲಿನ ಕೂಗು ಕೇಳುತ್ತದೆ, ಆದರೆ ನೀಲಗಿರಿ ಮರಗಳೂ ಪಕ್ಕದವರ ಬೇಲಿಯೂ ಅಡ್ಡವಾಗಿ ರೈಲು ಕಾಣುವುದಿಲ್ಲ. ಮೊದಲ ಭೇಟಿಯಲ್ಲಿ ಗ್ರೇಡಿ ದೊಡ್ಡವರನ್ನೆಲ್ಲ ಬಿಟ್ಟು ಒಂಬತ್ತು ವರ್ಷದ ಮಗಳು ಅಪೇಕ್ಷಾಳನ್ನು ಕೇಳಿದ್ದರು, ನಿನಗೆ ಮನೆಯಲ್ಲಿ ಏನು ಬೇಕು ಎಂದು.

"ಐ ವಾಂಟ್ ಟು ಸೀ ದ ಟ್ರೇನ್," ಎಂದಿದ್ದಳು ಅವಳು.

ಅಷ್ಟಕ್ಕೇ ಅವರು ಹಿತ್ತಲಲ್ಲಿ ಏಣಿ ಹಾಕಿ, ಒಂದೊಂದೇ ಮೆಟ್ಟಿಲು ಹತ್ತಿ, ಎಷ್ಟು ಎತ್ತರದಲ್ಲಿ ಕಣ್ಣಿಗೆ ಹಳಿ ಸಿಗುತ್ತದೆ ಎಂದು ಗುರುತು ಮಾಡಿಕೊಂಡಿದ್ದರು. ಆ ಎತ್ತರಕ್ಕೆ ಒಂದು ಕಿಟಕಿ, ಕಿಟಕಿಯೊಳಗೇ ಕೂರಲು ಅಗಲವಾದ ಹಲಗೆ, ಅಲ್ಲಿಗೆ ಹೋಗಲು ಮೆಟ್ಟಿಲುಗಳು. ಮಗು ಬೇಗ ಸುಸ್ತಾಗುತ್ತಾಳೆ ಎಂದು ಹೇಳಿದ್ದರಿಂದ ಮೆಟ್ಟಿಲನ್ನು ತಗ್ಗಾಗಿ, ಅಗಲವಾಗಿ ಮಾಡಿದ್ದರು.

ಈಗ ಆ ಮೆಟ್ಟಿಲುಗಳು ಡಾಂಬರಿನ ಮೇಲೆ ಅಡ್ಡಗೆರೆಗಳಾಗಿದ್ದವು. ಅಪೇಕ್ಷಾ ಮೊದಲ ಗೆರೆಯ ಮುಂದೆ ನಿಂತಳು. ಇಲ್ಲದ ಕಂಬಿಯನ್ನು ಬಲಗೈಯಲ್ಲಿ ಹಿಡಿದಳು. ಪಾದವನ್ನು ಒಂದಿಷ್ಟು ಎತ್ತಿ ಗೆರೆಯ ಆಚೆ ಇಟ್ಟಳು, ಇನ್ನೊಂದು, ಮತ್ತೊಂದು. ಎಲ್ಲೂ ನಿಲ್ಲಲಿಲ್ಲ. ಕೊನೆಯ ಗೆರೆ ದಾಟಿ ಕಿಟಕಿಯ ಚೌಕದೊಳಗೆ ನಿಂತು ಎರಡೂ ಕೈ ಮೇಲೆತ್ತಿದಳು.

"ಅಮ್ಮಾ! ಐ ಡಿಡ್ ಇಟ್! ಆಲ್ ಬೈ ಮೈಸೆಲ್ಫ್!"

ಗ್ರೇಡಿ ಚಪ್ಪಾಳೆ ತಟ್ಟಿದರು. ಮಲ್ಲವ್ವ ದೃಷ್ಟಿ ತೆಗೆದು ನೆಟಿಕೆ ಮುರಿದರು. ಸಿಂಧೂರ ಹೆಂಚಿನ ಮೇಲಿದ್ದ ದೋಸೆಯನ್ನು ತಿರುವಿ ಹಾಕುವುದನ್ನು ಮರೆತು ಮಗಳ ಕಾಲುಗಳನ್ನೇ ನೋಡುತ್ತಿದ್ದಳು.

ಅವರ ಅಪಾರ್ಟ್‌ಮೆಂಟು ಮಹಡಿಯ ಮೇಲಿತ್ತು. ಅಲ್ಲಿನ ಮೆಟ್ಟಿಲು ಸೀಮೆಸುಣ್ಣದ್ದಲ್ಲ, ಕಾಂಕ್ರೀಟಿನದು. ಶಾಲೆಯಿಂದ ಬಂದ ಅಪೇಕ್ಷಾ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಅಮ್ಮನ ಭುಜ ಹಿಡಿದು, ಸೊಂಟವನ್ನು ಎಳೆದೆಳೆದು ಮೇಲೇರುತ್ತಿದ್ದಳು. ನಡುವೆ ಎರಡು ಕಡೆ ಕೂರುತ್ತಿದ್ದಳು. ಕೂತಾಗಲೆಲ್ಲ ಸಿಂಧೂರ ತನಗೇ ಸುಸ್ತಾದಂತೆ ಪಕ್ಕದಲ್ಲಿ ಕೂತು ತರಕಾರಿ ಚೀಲ ಕೆಳಗಿಡುತ್ತಿದ್ದಳು. "ಅಬ್ಬಾ, ನನ್ ಕೈಲಾಗಲ್ಲಪ್ಪ, ಸ್ವಲ್ಪ ತಡಿ," ಎನ್ನುತ್ತಿದ್ದಳು. ಕೆಳಗಿನ ಮನೆಯೊಂದು ಖಾಲಿಯಾಗಲಿ ಎಂದು ಮ್ಯಾನೇಜರಿಗೆ ಹೇಳಿ ವರ್ಷವಾಗಿತ್ತು.

ಸ್ನಾಯುಗಳ ಬಲ ಮೆಲ್ಲಗೆ ಸೋರಿಹೋಗುವ ಕಾಯಿಲೆ ಅದು. ಹೈಸ್ಕೂಲಿಗೆ ಹೋಗುವ ಹೊತ್ತಿಗೆ ವೀಲ್‌ಚೇರ್ ಬೇಕಾಗಬಹುದು, ಅದಕ್ಕಿಂತ ಮುಂಚೆಯೂ ಆಗಬಹುದು, ಮನೆ ಕಟ್ಟಿಸುವುದಾದರೆ ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ ಎಂದು ಡಾಕ್ಟರು ಗಂಡಹೆಂಡತಿ ಇಬ್ಬರನ್ನೇ ಕೂರಿಸಿಕೊಂಡು ಹೇಳಿದ್ದರು. ಮನೆ ಕಟ್ಟಿಸುವ ಯೋಚನೆ ಹುಟ್ಟಿದ್ದೇ ಆಗ. ಆದರೆ ಆ ಒಂದು ಪದ ಮಾತ್ರ ಕಾರಿನಿಂದ ಇಳಿದು ಮನೆಯೊಳಗೆ ಬರಲಿಲ್ಲ.

ಮಲ್ಲವ್ವನಿಗೆ ಗೊತ್ತಿತ್ತು, ಮಗ ಫೋನಿನಲ್ಲಿ ಅತ್ತಿದ್ದ. ಬಂದ ಮೊದಲ ವಾರವೇ, ದೀಪ ಹಚ್ಚಿದ ಮೇಲೆ, ಸಿಂಧೂರ ಗಂಡನಿಗೆ, "ಗ್ರೇಡಿ ಅವರಿಗೆ ಕರೆಕ್ಟಾಗಿ ಹೇಳ್ಬಿಡೋಣ ಕಣ್ರೀ, ಮುಂದೆ ಇವಳು..." ಎಂದು ಶುರು ಮಾಡಿದ್ದಕ್ಕೆ ಮಲ್ಲವ್ವ ಕೈ ಅಡ್ಡ ಹಿಡಿದಿದ್ದರು.

"ಸಿಂಧೂ, ಬ್ಯಾಡ ಯವ್ವಾ. ಮುಸ್ಸಂಜಿಯೊಳಗ ಅಸ್ತು ದೇವತ್ಯಾರು ಮನ್ಯಾಗ ಓಡಾಡತಿರತಾರ. ನಾವ್ ಏನ್ ಅಂತೀವೋ ಅದಕ್ಕ ಅಸ್ತು ಅಂದುಬಿಡ್ತಾರ. ಛಲೋದು ಮಾತಾಡು."

ಸಿಂಧೂರ ಎಂಜಿನಿಯರಿಂಗ್ ಓದಿದವಳು. ಅಸ್ತು ದೇವತೆಗಳು ಸ್ಯಾನ್ ಡಿಯಾಗೋವರೆಗೆ ಬರುತ್ತಾರೆಯೇ ಎಂದು ಅತ್ತೆಯನ್ನು ಕಿಚಾಯಿಸಬಹುದಿತ್ತು. ಆದರೆ ಅವಳ ತಾಯಿಯ ಮನೆಯಲ್ಲೂ ಇದೇ ಮಾತಿತ್ತು. ಅಕ್ಕಿ ಮುಗಿದರೆ ಮುಗಿಯಿತು ಎನ್ನುತ್ತಿರಲಿಲ್ಲ, ಹೆಚ್ಚಿತು ಎನ್ನುತ್ತಿದ್ದರು. ಅವಳು ಬಾಯಿ ಮುಚ್ಚಿಕೊಂಡಳು. ಗ್ರೇಡಿ ತಾವಾಗಿ ಕೇಳಿದಾಗ ಗುರುಕಿರಣ, "ಸ್ವಲ್ಪ ಸುಸ್ತಾಗುತ್ತಾಳೆ, ಅಷ್ಟೇ," ಎಂದ. ಹೊಸ ಔಷಧಿ ಬರುತ್ತದಂತೆ ಎಂದು ಅವನು ಇಂಟರ್ನೆಟ್ಟಿನಲ್ಲಿ ಓದುತ್ತಿದ್ದ. ಬಂದರೆ ಈ ಮಾತೆಲ್ಲ ಆಡದೆಯೇ ಮುಗಿಯುತ್ತಿತ್ತಲ್ಲ.

ಬೇಸಿಗೆಗೆ ಮುಂಚೆ ಗ್ರೇಡಿ ರಟ್ಟಿನ ಮಾಡೆಲ್ ಕಳಿಸಿದರು. ಊಟದ ಮೇಜಿನ ಅರ್ಧ ಜಾಗ ಹಿಡಿಯುವಷ್ಟು ದೊಡ್ಡ ಮನೆ. ಮಾಡನ್ನು ಎತ್ತಿ ಪಕ್ಕಕ್ಕಿಟ್ಟರೆ ಒಳಗಿನದೆಲ್ಲ ಕಾಣುತ್ತಿತ್ತು. ಅವರ ಮನೆಗಳಲ್ಲಿ ಓಣಿಯಂಥ ಹಾದಿ ಇರುತ್ತಿರಲಿಲ್ಲ. ಬರೀ ನಡೆದುಹೋಗುವುದಕ್ಕೆಂದು ಇರುವ ಜಾಗ ಸತ್ತ ಜಾಗ ಎನ್ನುವುದು ಅವರ ಹಟ. ಕೋಣೆಗಳೆಲ್ಲ ನಡುವಿನ ಅಂಗಳಕ್ಕೆ ತೆರೆದುಕೊಂಡಿದ್ದವು. ಜೊತೆಗೆ ಕತ್ತರಿಸಿದ ನಾಲ್ಕು ಬಿಳೀ ಕಾಗದದ ಬೊಂಬೆಗಳು, ಬೆರಳಿನಷ್ಟು ಎತ್ತರದವು. ಎಲ್ಲಕ್ಕಿಂತ ಚಿಕ್ಕದು ಅಪೇಕ್ಷಾ, ಜಡೆ ಸಹಿತ.

"ಇಷ್ಟ್ ವಯಸ್ಸಾದ್ರೂ ಇಂವಗ ಗೊಂಬಿ ಆಟ ಬಿಟ್ಟಿಲ್ಲ ನೋಡು," ಎಂದು ಮಲ್ಲವ್ವ ನಕ್ಕರು. ಆಮೇಲೆ ಸೀರೆ ಉಟ್ಟ ಬೊಂಬೆ ತಾವೇ ಎಂದು ತಿಳಿದು, ತಮ್ಮನ್ನು ತಾವೇ ಒಲೆಯ ಮುಂದೆ ನಿಲ್ಲಿಸಿ, ಬಗ್ಗಿ ಬಚ್ಚಲು ಕಾಣುತ್ತದೋ ಇಲ್ಲವೋ ಎಂದು ಪರೀಕ್ಷಿಸಿದರು.

ಅಪೇಕ್ಷಾ ದಿನವೂ ಶಾಲೆಯಿಂದ ಬಂದವಳು ಚೀಲವನ್ನೂ ಬಿಚ್ಚದೆ ಮೇಜಿನ ಮುಂದೆ ಕೂರುತ್ತಿದ್ದಳು. ಕಾಗದದ ಅಪೇಕ್ಷಾಳನ್ನು ಎರಡು ಬೆರಳಲ್ಲಿ ಹಿಡಿದು ರಟ್ಟಿನ ಮೆಟ್ಟಿಲ ಮೇಲೆ ಕುಣಿಸಿಕೊಂಡು ಹತ್ತಿಸಿ ಕಿಟಕಿಯಲ್ಲಿ ಕೂರಿಸುತ್ತಿದ್ದಳು. ದೂರದಲ್ಲಿ ರೈಲಿನ ಕೂಗು ಕೇಳಿದರೆ ಬೊಂಬೆಯ ಪರವಾಗಿ ತಾನೇ ಕೈ ಬೀಸುತ್ತಿದ್ದಳು. ಸಿಂಧೂರ ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತ ಮಗಳ ಬೆರಳುಗಳನ್ನು ನೋಡುತ್ತಿದ್ದಳು. ಬೆರಳುಗಳಲ್ಲಿ ಇನ್ನೂ ಬಲವಿತ್ತು.

ಶಾಲೆಗೆ ರಜೆ ಬರುವ ಮುಂಚೆ ಒಂದು ಮಧ್ಯಾಹ್ನ ಅಪೇಕ್ಷಾ ಅಪಾರ್ಟ್‌ಮೆಂಟಿನ ಮೆಟ್ಟಿಲಲ್ಲಿ ಕೂತವಳು ಏಳಲಿಲ್ಲ. ನೋವೇನೂ ಇರಲಿಲ್ಲ, ಬಿದ್ದೂ ಇರಲಿಲ್ಲ. ಕಾಲು ಏಳೆಂದರೆ ಏಳಲಿಲ್ಲ, ಅಷ್ಟೇ. ಸಿಂಧೂರ ಎತ್ತಲು ನೋಡಿದಳು, ಒಂದೆರಡು ಮೆಟ್ಟಿಲಿಗೇ ಕೈ ಸೋತಿತು. ಗುರುಕಿರಣ ಬರುವ ತನಕ ಇಬ್ಬರೂ ಅಲ್ಲೇ ಕೂತರು. ಮಲ್ಲವ್ವ ಮೇಲಿನಿಂದ ತಟ್ಟೆಯಲ್ಲಿ ಉಪ್ಪಿಟ್ಟು ತಂದು ಕೊಟ್ಟರು. ಮೇಲೆ ಹೋಗುತ್ತಿದ್ದ ಚೀನೀ ವಿದ್ಯಾರ್ಥಿನಿಯೊಬ್ಬಳು ಪಿಕ್ನಿಕ್ಕಾ ಎಂದು ನಕ್ಕು ದಾಟಿಹೋದಳು.

"ಡೋಂಟ್ ವರಿ, ಅಮ್ಮಾ," ಎಂದಳು ಅಪೇಕ್ಷಾ, ಬಾಯಿ ತುಂಬ ಉಪ್ಪಿಟ್ಟು ಇಟ್ಟುಕೊಂಡು. ಹೊಸ ಮನೆಯ ಸ್ಟೆಪ್ಸ್ ಇಷ್ಟು ಕಷ್ಟ ಇಲ್ಲ, ನಾನಾಗಲೇ ಹತ್ತಿದ್ದೀನಲ್ಲ ಎಂದಳು. ಈ ಮೆಟ್ಟಿಲನ್ನು ಕೆಟ್ಟದಾಗಿ ಕಟ್ಟಿದ್ದಾರಂತೆ, ಗ್ರೇಡಿ ಅವರದು ಒಳ್ಳೆಯ ಮೆಟ್ಟಿಲಂತೆ.

ಸಿಂಧೂರ ಮಗಳ ಬಾಯಂಚಿಗೆ ಅಂಟಿದ್ದ ಉಪ್ಪಿಟ್ಟನ್ನು ಬೆರಳಿನಿಂದ ಒರೆಸಿದಳು.

ಮಗಳನ್ನು ಎತ್ತಿಕೊಂಡು ಮೇಲೆ ಬಂದ ಗುರುಕಿರಣ ಮುಖ ತೊಳೆಯಲು ಹೋದವನು ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡೇ ಇದ್ದ. ಸಿಂಧೂರ ಬಾಗಿಲ ಹತ್ತಿರ ನಿಂತು ಕೇಳಿದಳು. "ಡ್ರಾಯಿಂಗ್ಸ್ ಮುಂದಿನ ವಾರ ಪರ್ಮಿಟ್ಟಿಗೆ ಸಿಟಿ ಆಫೀಸಿಗೆ ಹೋಗುತ್ತೆ. ಆಮೇಲೆ ಬದಲಾಯಿಸೋಕಾಗಲ್ಲ. ಹೇಳ್ಲೇಬೇಕು."

"ನೀನೇ ಹೇಳು, ಸಿಂಧೂ."

"ನೀವು ಬರಲ್ವಾ?"

"ನನ್ ಕೈಲಿ ಆಗಲ್ಲ. ಅವರ ಮುಂದೆ ಕೂತು ಆ ಮಾತು... ಆಗಲ್ಲ." ಅವನು ಟವಲಿನಿಂದ ಮುಖ ಮುಚ್ಚಿಕೊಂಡ.

ಮಗಳನ್ನು ಶಾಲೆಗೆ ಬಿಟ್ಟು ಸಿಂಧೂರ ಓಲ್ಡ್ ಟೌನಿನಲ್ಲಿ ಗ್ರೇಡಿಯವರ ಊರಿನ ರೈಲು ಹತ್ತಿದಳು. ಲಾಸ್ ಏಂಜಲೀಸಿನ ಫ್ರೀವೇಯಲ್ಲಿ ಡ್ರೈವ್ ಮಾಡುವ ಧೈರ್ಯ ಅವಳಿಗಿರಲಿಲ್ಲ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನು ಮಾಡಬೇಕಾದದ್ದು ಮನೆಯಿಂದ, ಆ ಮಾತನ್ನು ಆಡಬಾರದ ಮನೆಯಿಂದ. ರೈಲು ಕಣಿವೆಯೊಳಗೆ ಹೊಕ್ಕಾಗ ಅವಳು ಎದ್ದು ನಿಂತು, ಅಂಚಿನಲ್ಲಿ ತಮ್ಮ ಹಳೇ ಮನೆಯನ್ನು ಹುಡುಕಿದಳು. ನೀಲಗಿರಿ ಮರಗಳ ಮೇಲೆ ಒಂದಿಷ್ಟು ಮಾಡು ಇಣುಕಿ ಮರೆಯಾಯಿತು. ಕಿಟಕಿ ಬರುವ ಎತ್ತರ ಅಲ್ಲೆಲ್ಲೋ ಗಾಳಿಯಲ್ಲಿತ್ತು. ಅಲ್ಲೇನೂ ಇಲ್ಲವೆಂದು ಗೊತ್ತಿದ್ದೂ ಅವಳ ಕೈ ತಾನಾಗಿ ಬೀಸಿತು.

ಗ್ರೇಡಿಯವರ ಆಫೀಸು ಹಳೆಯ ಬೇಕರಿಯೊಂದರಲ್ಲಿತ್ತು. ಗೋಡೆಯ ಉದ್ದಕ್ಕೂ ಅವರು ಕಟ್ಟಿದ ಮನೆಗಳ ಮಾಡೆಲ್‌ಗಳು: ಡಬ್ಬಿಯ ಮುಚ್ಚಳದಂತೆ ತೆರೆಯುವ ಮಾಡಿನ ಮನೆ, ಗೋದಾಮಿನ ದೊಡ್ಡ ಬಾಗಿಲುಗಳನ್ನೇ ಗೋಡೆ ಮಾಡಿಕೊಂಡ ಮನೆ, ಒಂದು ಮರವನ್ನು ಉಳಿಸಲೆಂದು ಬಿಲ್ಲಿನಂತೆ ಬಾಗಿದ ಮನೆ. ಅವರು ಕಾಫಿ ಕೊಟ್ಟರು. ರೈಲಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ವಾಕ್ಯಗಳನ್ನೆಲ್ಲ ಬಿಟ್ಟು ಸಿಂಧೂರ ಒಂದೇ ಮಾತು ಹೇಳಿದಳು.

"ಅಪೇಕ್ಷಾ ಮುಂದೆ ನಡೆಯೋದಿಲ್ಲ."

ಈ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಡುಮಧ್ಯಾಹ್ನ, ಮನೆಯಿಂದ ನೂರು ಮೈಲಿ ದೂರ, ಅದೂ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅಂದಿಲ್ಲವಲ್ಲ ಎಂದು ಒಳಗೆಲ್ಲೋ ಒಂದು ಹುಚ್ಚು ಸಮಾಧಾನವೂ ಆಯಿತು.

ಗ್ರೇಡಿ ಕಪ್ಪನ್ನು ಕೆಳಗಿಟ್ಟರು. "ನಾನು ಕೇಳಿದ್ದೆ. ಸುಸ್ತಾಗ್ತಾಳೆ ಅಷ್ಟೇ ಅಂದ್ರಿ."

"ನಮ್ಮಲ್ಲಿ ಅಂಥದ್ದನ್ನ ಬಾಯಲ್ಲಿ ಆಡಲ್ಲ. ಆಡಿದ್ರೆ ಆಗ್ಬಿಡುತ್ತೆ ಅಂತ."

"ಆಡದೇ ಇದ್ರೆ?"

ಸಿಂಧೂರ ಮೇಜಿನ ಮೇಲಿದ್ದ ತಮ್ಮ ಮನೆಯ ನಕ್ಷೆಯನ್ನು ಅವರ ಕಡೆ ಸರಿಸಿದಳು. ಗ್ರೇಡಿ ಮತ್ತೆ ಕೇಳಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಅದರ ಮೇಲೆ ಪಾರದರ್ಶಕ ಹಾಳೆ ಹಾಸಿದರು. ಮೆಟ್ಟಿಲಿಲ್ಲದೆ ಒಂದು ಇಂಚು ಮೇಲೇರಬೇಕಾದರೆ ಇಳಿಜಾರಿನ ರ‍್ಯಾಂಪು ಒಂದು ಅಡಿ ಉದ್ದ ಬೇಕು ಎಂದು ವಿವರಿಸಿದರು. ಕಿಟಕಿಯ ಎತ್ತರಕ್ಕೆ ಹೋಗುವ ರ‍್ಯಾಂಪು ಆ ಸಣ್ಣ ಸೈಟಿನ ಉದ್ದಕ್ಕೂ ಹೋಗಿ ಮತ್ತೆ ತಿರುಗಬೇಕಾಗುತ್ತಿತ್ತು. ಕಿಟಕಿಯನ್ನು ಕೆಳಗಿಳಿಸಿದರೆ ಎಲ್ಲ ಸುಲಭ. ಆದರೆ ರೈಲು ಕಾಣುವುದಿಲ್ಲ.

"ಕಿಟಕಿ ಇಳಿಸ್ಬೇಡಿ," ಎಂದಳು ಸಿಂಧೂರ. "ಅಂಗಳ ತೆಗೀರಿ. ಅಡುಗೆಮನೆ ಚಿಕ್ಕದು ಮಾಡಿ. ಇನ್ನೇನು ಬೇಕಾದ್ರೂ ತೆಗೀರಿ."

ಅವರು ಬಹಳ ಹೊತ್ತು ಗೀಚಿದರು, ಹಾಳೆ ಹರಿದರು, ಮತ್ತೆ ಹಾಸಿದರು. ಹಾದಿಯೇ ಇಲ್ಲದ ಮನೆ ಕಟ್ಟುವ ಮನುಷ್ಯ ಈಗ ಮನೆಯೆಂದರೆ ಬರೀ ಹಾದಿ ಎನ್ನುವಂಥ ಒಂದನ್ನು ಬರೆಯುತ್ತಿದ್ದರು. ಬಾಗಿಲಲ್ಲೇ ಶುರುವಾಗುವ ರ‍್ಯಾಂಪು ಮನೆಯನ್ನು ಮೆಲ್ಲಗೆ ಸುತ್ತುತ್ತ ಏರುತ್ತದೆ. ಅದರ ಒಂದು ಬದಿ ಪುಸ್ತಕದ ಕಪಾಟು, ತಿರುವಿನಲ್ಲಿ ದೇವರ ಜಗಲಿ, ಅಡುಗೆ ಕಟ್ಟೆ ಅದಕ್ಕೇ ಅಂಟಿಕೊಂಡಿದೆ. ಹೋಗುವವರು ಎಲ್ಲರನ್ನೂ ಮಾತಾಡಿಸಿಕೊಂಡೇ ಹೋಗಬೇಕು. ಕೊನೆಗೆ ಕಿಟಕಿ.

"ಸತ್ತ ಜಾಗ ಅಲ್ಲ ಇದು, ನೋಡಿ," ಎಂದರು, ತಮಗೆ ತಾವೇ ಹೇಳಿಕೊಂಡಂತೆ. ಆಮೇಲೆ ಪೆನ್ಸಿಲ್ ಕೆಳಗಿಟ್ಟು, "ಆದ್ರೆ ಅವಳಿಗೆ ಯಾರು ಹೇಳ್ತೀರಿ? ಕೇಳದೆ ಏನೂ ಬದಲಾಯಿಸಲ್ಲ ಅಂತ ನಾನು ಅವಳಿಗೆ ಮಾತು ಕೊಟ್ಟಿದ್ದೀನಿ."

"ನಾನೇ ಹೇಳ್ತೀನಿ. ಹೊಸ ಮಾಡೆಲ್ ಬರೋಷ್ಟರಲ್ಲಿ ಹೇಳ್ತೀನಿ."

"ಬೇಗ ಹೇಳಿ. ಅವಳಿಗೆ ಮಾಡೆಲ್ ಓದೋಕೆ ಚೆನ್ನಾಗಿ ಬರುತ್ತೆ."

ಸಿಂಧೂರ ಹೇಳಬೇಕೆಂದು ದಿನವೂ ನೋಡಿದಳು. ಬೆಳಿಗ್ಗೆ ತಲೆ ಬಾಚುವಾಗ ಹೇಳೋಣವೆಂದರೆ ಶಾಲೆಗೆ ಹೋಗುವ ಮಗು. ಸ್ನಾನ ಮಾಡಿಸುವಾಗ ಆ ಕಾಲುಗಳಿಗೆ ಸೋಪು ಹಚ್ಚುತ್ತ ಹೇಳುವುದೇ? ಸಂಜೆ ಹೇಳುವಂತಿಲ್ಲ. ಅಪೇಕ್ಷಾ ಮಲಗಿದ ಮೇಲೆ ಮಾತ್ರ ವಾಕ್ಯಗಳು ಸರಿಯಾಗಿ ಬರುತ್ತಿದ್ದವು. ಒಮ್ಮೆ ಅವಳು "ಪುಟ್ಟಾ, ಗ್ರೇಡಿ ಅಂಕಲ್ ಸ್ವಲ್ಪ ಬದಲಾಯಿಸ್ತಿದಾರೆ," ಎನ್ನುವವರೆಗೆ ಬಂದಿದ್ದಳು. "ಮೇಕಿಂಗ್ ಇಟ್ ಹೈಯರ್?" ಎಂದು ಮಗಳು ಮುಖ ಅರಳಿಸಿದ್ದೇ ಕುಕ್ಕರ್ ನೋಡುವ ನೆಪದಲ್ಲಿ ಎದ್ದುಹೋದಳು.

ಹೊಸ ಮಾಡೆಲ್ ಹೇಳಿದ್ದಕ್ಕಿಂತ ಮುಂಚೆ ಬಂತು. ಕೊರಿಯರಿನವನು ಕೊಟ್ಟುಹೋದಾಗ ಮಲ್ಲವ್ವ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು, ಗುರುಕಿರಣ ಆಗತಾನೇ ಬಂದು ಶೂ ಬಿಚ್ಚುತ್ತಿದ್ದ. ಸಿಂಧೂರ ಹಿಟ್ಟಿನ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಅಪೇಕ್ಷಾ ಮಾಡನ್ನು ಎತ್ತಿ ಪಕ್ಕಕ್ಕಿಟ್ಟಾಗಿತ್ತು.

ಅವಳ ಕಣ್ಣು ಮೊದಲು ಹೋದದ್ದು ಕಿಟಕಿಗೆ. ಅದು ಅಲ್ಲೇ ಇತ್ತು. ಆಮೇಲೆ ಕಿಟಕಿಯ ಕೆಳಗೆ. ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.

"ವೇರ್ ಆರ್ ಮೈ ಸ್ಟೆಪ್ಸ್?"

 ಅವಳ ಬೆರಳು ಕಿಟಕಿಯಿಂದ ಹಿಂದಕ್ಕೆ ಇಳಿಯುತ್ತ ಹೊರಟಿತು. ಜಗಲಿಯ ತಿರುವು ದಾಟಿತು, ಅಡುಗೆ ಕಟ್ಟೆಯ ಪಕ್ಕ ಹಾಯಿತು, ಪುಸ್ತಕದ ಕಪಾಟಿನ ಗುಂಟ ಸಾಗಿ ಬಾಗಿಲಿಗೆ ಬಂದು ನಿಂತಿತು. ಅವಳ ಶಾಲೆಯ ಲೈಬ್ರರಿಯ ಮುಂದೆ ಇಂಥದ್ದೇ ಒಂದಿತ್ತು.

"ಅಮ್ಮಾ, ಇದು ಯಾರಿಗೆ?" ಅವಳು ಕನ್ನಡದಲ್ಲಿ ಕೇಳಿದಳು.

ಸಿಂಧೂರ ಬಾಯಿ ತೆರೆದಳು. ಗುರುಕಿರಣ ಬಿಚ್ಚಿದ್ದ ಶೂಗಳನ್ನೇ ನೋಡುತ್ತ ಕೂತಿದ್ದ.

"ನನಗವ್ವಾ," ಎಂದರು ಮಲ್ಲವ್ವ, ಎಣ್ಣೆ ಬಟ್ಟಲನ್ನು ಕೆಳಗಿಡದೆ. "ನನ್ನ ಮೊಣಕಾಲ ಕೇಳಂಗಿಲ್ಲ ನೋಡು. ಮೆಟ್ಲಾ ಹತ್ತಾಕ ಆಗಂಗಿಲ್ಲ ಅಂತ ನಾನಽ ಹೇಳೇನಿ ಅಂವಗ."

ಅಪೇಕ್ಷಾ ಅಜ್ಜಿಯನ್ನು ನೋಡಿದಳು. ಉಪ್ಪಿಟ್ಟಿನ ತಟ್ಟೆ ಹಿಡಿದು ಸರಸರ ಮೆಟ್ಟಿಲಿಳಿದು ಬಂದಿದ್ದ ಅಜ್ಜಿ.

"ಅಜ್ಜಿ, ಯು ಆರ್ ಗೋಯಿಂಗ್ ಬ್ಯಾಕ್ ನೆಕ್ಸ್ಟ್ ಮಂತ್," ಎಂದಳು, ಮೆಲ್ಲಗೆ, ತಪ್ಪು ತಿದ್ದುವವಳಂತೆ.

ಅಜ್ಜಿಗೆ ಆ ಇಂಗ್ಲಿಷ್ ಅರ್ಥವಾಯಿತು. ದೀಪದ ಕಡೆ ತಿರುಗಿಕೊಂಡರು.

ಡಬ್ಬಿಯಲ್ಲಿ ಹೊಸ ಬೊಂಬೆಗಳಿರಲಿಲ್ಲ. ಯಾವುದನ್ನು ಕಳಿಸಬೇಕೆಂದು ಗ್ರೇಡಿಯವರಿಗೆ ತಿಳಿಯಲಿಲ್ಲವೇನೋ. ಅಪೇಕ್ಷಾ ಹಳೆಯದನ್ನೇ ತೆಗೆದಳು, ಜಡೆಯಿದ್ದ ಚಿಕ್ಕದನ್ನು. ಅಂಗೈಯಲ್ಲಿಟ್ಟುಕೊಂಡು ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ ಉಗುರಿನಿಂದ ಸೊಂಟದ ಹತ್ತಿರ ಒಂದು ಮಡಿಕೆ, ಮೊಣಕಾಲಿನ ಹತ್ತಿರ ಒಂದು ಮಡಿಕೆ ಹಾಕಿದಳು. ಬಾಗಿಲಿನ ಬಳಿ, ರ‍್ಯಾಂಪು ಶುರುವಾಗುವಲ್ಲಿ ಕೂರಿಸಿದಳು. ಅದು ಜಾರಿತು. ಮತ್ತೆ ಕೂರಿಸಿದಳು, ಮತ್ತೆ ಜಾರಿತು.

ಸಿಂಧೂರ ಅವಳ ಪಕ್ಕ ಕೂತಳು. ಮಗಳ ಬೆನ್ನಿನ ಮೇಲೆ ಕೈಯಿಟ್ಟಳು.  ದೇವರ ಮುಂದೆ ದೀಪ ಹತ್ತಿಕೊಂಡಿತ್ತು. ಮನೆಯಲ್ಲಿ ಯಾರೂ ಒಂದು ಕೆಟ್ಟ ಮಾತನ್ನೂ ಆಡಿರಲಿಲ್ಲ.

"ಮೇಲಿಂದ ಟ್ರೇನ್ ಕಾಣುತ್ತಾ?" ಅಪೇಕ್ಷಾ ಕೇಳಿದಳು.

"ಕಾಣುತ್ತೆ ಪುಟ್ಟಾ."

"ಶೂರ್?"

"ಶೂರ್."

ಅಪೇಕ್ಷಾ ಹಳೇ ಮಾಡೆಲಿನೊಳಗೆ ತಡಕಾಡಿ ಇನ್ನೊಂದು ಬೊಂಬೆ ತೆಗೆದಳು, ಅಮ್ಮನದು. ಅದನ್ನು ಮಡಚಿದ ಬೊಂಬೆಯ ಹಿಂದೆ, ಒತ್ತಿಕೊಂಡಂತೆ ನಿಲ್ಲಿಸಿದಳು. ಈ ಸಲ ಅದು ಜಾರಲಿಲ್ಲ. ಎರಡನ್ನೂ ಒಟ್ಟಿಗೆ ಬೆರಳಿನಿಂದ ತಳ್ಳುತ್ತ, ಕಪಾಟಿನ ಗುಂಟ, ಅಡುಗೆ ಕಟ್ಟೆಯ ಪಕ್ಕ, ನಿಧಾನವಾಗಿ ಮೇಲಕ್ಕೆ ಒಯ್ಯತೊಡಗಿದಳು. ಜಗಲಿಯ ತಿರುವಿನಲ್ಲಿ ಬೆರಳು ನಿಂತಿತು.

"ಸ್ವಲ್ಪ ತಡಿ," ಎಂದಳು, ಯಾರ ಮುಖವನ್ನೂ ನೋಡದೆ. "ಅಮ್ಮಂಗೆ ಸುಸ್ತಾಗಿದೆ."